ಒಂದೇ ಕೋಣೆಯಲ್ಲಿ ಮೂರು ಕ್ಲಾಸು, ಪಟ್ಟಣದಲ್ಲಿ ಒಂದೇ ಕ್ಲಾಸಿಗೆ 58 ಮಕ್ಕಳು: ಮಗಳನ್ನು ಎಲ್ಲಿ ಓದಿಸಲಿ?

ಚಿಂತಾಮಣಿ ಕಡೆಯವಳು:

ನಮಸ್ಕಾರ. ಎರಡು ವಾರದಿಂದ ಮನೆಯಲ್ಲಿ ಇದೇ ಜಗಳ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ವರ್ಷ ಎರಡನೇ ಕ್ಲಾಸು. ಒಂದರಿಂದ ಐದರವರೆಗೆ ಎಲ್ಲಾ ಸೇರಿದರೂ 23 ಮಕ್ಕಳು. ಇಬ್ಬರು ಟೀಚರು. ಒಂದು, ಎರಡು, ಮೂರನೇ ಕ್ಲಾಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಮಿಸ್ಸು ನಲಿಕಲಿ, ಅಂದರೆ ಆಟವಾಡುತ್ತಾ ಕಲಿಸುವ ಪದ್ಧತಿ, ಮಾಡುತ್ತಾರೆ. ನಾಲ್ಕು, ಐದು ಪಕ್ಕದ ಕೋಣೆಯಲ್ಲಿ ಮೇಷ್ಟ್ರ ಹತ್ತಿರ. ಹೆಡ್ ಮೇಷ್ಟ್ರೂ ಅವರೇ.

ಹೋದ ವಾರ ಮಗಳು ನೀರಿನ ಬಾಟಲಿ ಮರೆತಿದ್ದಳು, ಕೊಟ್ಟು ಬರೋಣ ಅಂತ ಹೋದೆ. ಮೇಷ್ಟ್ರು ಮೀಟಿಂಗಿಗೆ ಹೋಗಿದ್ದರು. 23 ಮಕ್ಕಳೂ ಒಂದೇ ಕೋಣೆಯಲ್ಲಿ. ಐದನೇ ಕ್ಲಾಸಿನ ಹುಡುಗನೊಬ್ಬ ಕೋಲು ಹಿಡಿದು ಎಂಟರ ಮಗ್ಗಿ ಹೇಳಿಸುತ್ತಿದ್ದ, ಒಂದನೇ ಕ್ಲಾಸಿನ ಪುಟಾಣಿಗಳೂ ಅದನ್ನೇ ಕಿರುಚುತ್ತಿದ್ದವು. ಮಿಸ್ಸು ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತು ನಾಲ್ಕು ಮಕ್ಕಳಿಗೆ ಏನೋ ಕಾರ್ಡು ತೋರಿಸುತ್ತಿದ್ದರು. ನನ್ನ ಮಗಳು ಕಿಟಕಿ ಹತ್ತಿರ ಕೂತು ಒಂದನೇ ಕ್ಲಾಸಿನ ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಇವಳು ಕಲಿಯೋಕೆ ಹೋಗುತ್ತಿದ್ದಾಳೋ ಕಲಿಸೋಕೋ ಅಂತ ತಲೆ ಕೆಟ್ಟಿತು.

ನಮ್ಮೆಜಮಾನರು ಪಟ್ಟಣದ ಖಾಸಗಿ ಶಾಲೆಗೆ ಹಾಕೋಣ ಅನ್ನುತ್ತಾರೆ. ಇಂಗ್ಲಿಷ್ ಮೀಡಿಯಂ, ಯೂನಿಫಾರಂ, ಟೈ, ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ನಾದಿನಿ ಮಗ ಅಲ್ಲೇ ಓದುವುದು. ಸರಿ, ನೋಡಿಕೊಂಡು ಬರೋಣ ಅಂತ ಹೋದೆವು. ಎರಡನೇ ಕ್ಲಾಸಿನ ಹೊರಗೆ ಮಕ್ಕಳು ಶೂ ಬಿಟ್ಟಿದ್ದವು, ಸಾಲಾಗಿ. ಇವರು ಆಫೀಸಿನಲ್ಲಿ ಫೀಸು ವಿಚಾರಿಸುತ್ತಿದ್ದಾಗ ನಾನು ಸುಮ್ನೆ ನಿಂತು ಎಣಿಸಿದೆ. 58 ಜೊತೆ! ಒಬ್ಬರೇ ಮಿಸ್ಸು.

ನನ್ನ ಪ್ರಶ್ನೆ ಇಷ್ಟೇ. ಒಂದು ಕ್ಲಾಸಿಗೆ ಇಷ್ಟೇ ಮಕ್ಕಳು ಇರಬೇಕು ಅಂತ ಸರ್ಕಾರದ ನಿಯಮ ಇಲ್ವಾ? ಮೂರು ಕ್ಲಾಸು ಒಟ್ಟಿಗೆ ಕೂತರೆ ದೊಡ್ಡ ಮಕ್ಕಳು ಹಿಂದೆ ಬೀಳಲ್ವಾ? ನಿಮ್ಮ ಮಕ್ಕಳ ಅನುಭವ ಹೇಳಿ. ಸರ್ಕಾರಿ ಚೆನ್ನ, ಖಾಸಗಿ ಕೆಟ್ಟದ್ದು ಅಂತ ಭಾಷಣ ಬೇಡ, ಅದನ್ನು ಬೇಕಾದಷ್ಟು ಕೇಳಿದ್ದೇನೆ.

ಗೌರಿಬಿದನೂರಿನ ಅಪ್ಪ:

ಅಕ್ಕಾ, ನಾನು ನಿಮ್ಮ ಯಜಮಾನರ ಥರಾನೇ ಯೋಚನೆ ಮಾಡಿ ಮಗನನ್ನು ಒಂದನೇ ಕ್ಲಾಸಿನಲ್ಲೇ ಖಾಸಗಿ ಶಾಲೆಗೆ ಹಾಕಿದವನು. ಹೆಸರು ಬೇಡ. ಸೆಕ್ಷನ್‌ನಲ್ಲಿ 54 ಮಕ್ಕಳು. ಅಲ್ಲಿನ ಮಿಸ್ಸುಗಳನ್ನು ಬೈಯುವುದಿಲ್ಲ, ಪಾಪ, ಅವರ ಸಂಬಳ ಕೇಳಿದರೆ ನಮಗೇ ಬೇಜಾರಾಗುತ್ತದೆ.

ಆದರೆ ಒಂದು ಸಂಗತಿ ಹೇಳುತ್ತೇನೆ. ಎರಡನೇ ಕ್ಲಾಸಿನ ಅರ್ಧ ವರ್ಷ ಕಳೆದ ಮೇಲೆ ಒಂದು ಭಾನುವಾರ ಮಗನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. 14ಕ್ಕೆ 8 ಕೂಡಿಸಿ 112 ಅಂತ ಬರೆದಿದ್ದ. ನಾಲ್ಕೂ ಎಂಟೂ ಹನ್ನೆರಡು, ಅದನ್ನು ಹಾಗೇ ಕೆಳಗೆ ಇಳಿಸಿ ಪಕ್ಕದಲ್ಲಿ ಆ ಒಂದನ್ನು ಇಟ್ಟಿದ್ದಾನೆ. ಅದಕ್ಕೆ ಕೆಂಪು ಇಂಕಿನಲ್ಲಿ ರೈಟ್! ಪುಟ ತಿರುಗಿಸಿದೆ, 27ಕ್ಕೆ 5 ಕೂಡಿಸಿ 212, ಅದಕ್ಕೂ ರೈಟ್. ಪುಸ್ತಕ ಪೂರ್ತಿ ಹಾಗೇ. ದಶಕ ಒಯ್ಯುವುದು ಅವನಿಗೆ ಗೊತ್ತೇ ಇಲ್ಲ, ಅವನಿಗೆ ಗೊತ್ತಿಲ್ಲ ಅನ್ನುವುದು ಮಿಸ್ಸಿಗೂ ಗೊತ್ತಿಲ್ಲ. 54 ಪುಸ್ತಕ ತಿದ್ದುವಾಗ ಯಾರು ಉತ್ತರ ನೋಡುತ್ತಾರೆ ಹೇಳಿ, ಪುಟ ತುಂಬಿದೆಯಾ ಅಂತ ನೋಡಿ ಗೀಟು ಎಳೆದು ಕಳಿಸುತ್ತಾರೆ. ಕೇಳಿದ್ದಕ್ಕೆ, ಮನೆಯಲ್ಲಿ ಟ್ಯೂಷನ್ ಹಾಕಿಸಿಲ್ವಾ ಸರ್ ಅಂದರು.

ಈಗ ಟ್ಯೂಷನ್ ಇದೆ. ಅಲ್ಲಿ 12 ಮಕ್ಕಳು, ಎರಡರಿಂದ ಆರನೇ ಕ್ಲಾಸಿನವರೆಗೆ ಎಲ್ಲಾ ಒಟ್ಟಿಗೆ, ಒಂದೇ ಚಾಪೆ ಮೇಲೆ. ಅಂದರೆ ಅದೂ ಮಿಶ್ರ ಕ್ಲಾಸೇ, ದುಡ್ಡು ಬೇರೆ ಕೊಟ್ಟು. ಮಗ ಕಲಿಯುತ್ತಿರುವುದು ಅಲ್ಲೇ.

ನಲಿಕಲಿ ಮಿಸ್:

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲಿಕಲಿ ಮಾಡುವ ಟೀಚರ್. ನೀವು ಬಾಗಿಲಲ್ಲಿ ನಿಂತು ನೋಡಿದ್ದು ಎರಡು ಬೇರೆ ಬೇರೆ ಸಂಗತಿ. ಒಂದು ಸರಿಯಾಗಿದೆ, ಒಂದು ತಪ್ಪಾಗಿದೆ. ಎರಡೂ ಒಂದೇ ಕೋಣೆಯಲ್ಲಿ ಇದ್ದದ್ದರಿಂದ ಒಂದೇ ಥರ ಕಂಡಿದೆ.

ಮೊದಲು ಸರಿಯಾದದ್ದು. ನಲಿಕಲಿಯಲ್ಲಿ ಮೂರು ಕ್ಲಾಸಿನವರು ಒಟ್ಟಿಗೆ ಕೂರುವುದು ಕೋಣೆ ಇಲ್ಲದ್ದಕ್ಕಲ್ಲ. ಆ ಪದ್ಧತಿ ಇರುವುದೇ ಹಾಗೆ. ಒಂದೊಂದು ವಿಷಯಕ್ಕೂ ಕಲಿಕಾ ಏಣಿ ಅಂತ ಇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕಾರ್ಡುಗಳು. ಪ್ರತಿ ಕಾರ್ಡಿನ ಮೇಲೂ ಒಂದು ಪುಟ್ಟ ಚಿತ್ರ. ಮಗು ಬೆಳಿಗ್ಗೆ ಬಂದು ತಾನು ಎಲ್ಲಿ ನಿಲ್ಲಿಸಿದ್ದೆ ಅಂತ ನೋಡಿ, ಆ ಕಾರ್ಡು ತಾನೇ ತೆಗೆದುಕೊಂಡು, ಅದಕ್ಕೆ ಹೇಳಿದ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಟ್ಟು ಐದು. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಕಲಿಸುತ್ತಾರೆ, ಎರಡನೆಯದರಲ್ಲಿ ಸ್ವಲ್ಪ. ಮೂರು, ನಾಲ್ಕರಲ್ಲಿ ಗೆಳೆಯರ ಸಹಾಯ. ಐದರಲ್ಲಿ ಮಗು ತಾನೇ ಮಾಡಬೇಕು. ನೀವು ಕಂಡ ಆ ಮೂಲೆಯ ನಾಲ್ಕು ಮಕ್ಕಳು ಒಂದನೇ ತಟ್ಟೆಯವರು. ಕಿಟಕಿ ಹತ್ತಿರ ಇದ್ದ ನಿಮ್ಮ ಮಗಳು ಗೆಳೆಯರ ತಟ್ಟೆ. ಅವಳೇನೂ ಪುಕ್ಕಟೆ ಕೆಲಸ ಮಾಡುತ್ತಿರಲಿಲ್ಲ. ತಾನು ಕಲಿತ ಅಕ್ಷರ ಇನ್ನೊಬ್ಬರಿಗೆ ಹೇಳಿಕೊಡುವಾಗ ಮಕ್ಕಳಿಗೆ ಅದು ಎಷ್ಟು ಗಟ್ಟಿಯಾಗುತ್ತದೆ ಅಂದರೆ, ನಾನು ಹತ್ತು ಸಲ ತಿದ್ದಿಸಿದರೂ ಹಾಗೆ ಆಗಲ್ಲ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಅಲ್ಲ. ರ ಗ ಸ ದ ಅ ಅಂತ ಶುರು, ಆಮೇಲೆ ಜ ವ ಮ ಬ ನ. ಮೊದಲ ಐದು ಅಕ್ಷರ ಬಂದ ಕೂಡಲೇ ಅರಸ, ಸರ, ದರ, ಗರಗಸ ಓದುತ್ತವೆ. ಇದು ಗೊತ್ತಿಲ್ಲದ ತಾಯಂದಿರು ಬಂದು, ಮಿಸ್, ನಮ್ಮ ಮಗುಗೆ ಎರಡು ತಿಂಗಳಾದರೂ ಆ ಇ ಈ ಬರಲ್ಲ ಅಂತ ಜಗಳಕ್ಕೆ ನಿಲ್ಲುತ್ತಾರೆ!

ಇದು ಎಲ್ಲಿಂದ ಬಂತು ಅಂತಲೂ ಹೇಳಬೇಕು, ನಿಮಗೆ ಹತ್ತಿರದ್ದೇ. ನಮ್ಮ ಗಡಿ ದಾಟಿದರೆ ಆಂಧ್ರದ ಮದನಪಲ್ಲಿ, ಅಲ್ಲೇ ಪಕ್ಕದಲ್ಲಿ ರಿಷಿವ್ಯಾಲಿ ಶಾಲೆ. ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆ ಅಂತ ಅಲ್ಲಿನವರು ಈ ಏಣಿ, ಕಾರ್ಡು ಮಾಡಿದ್ದರು. ಅದನ್ನು ನೋಡಿಕೊಂಡು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ನೆರವಿನಿಂದ ನಲಿಕಲಿ ಶುರುವಾಯಿತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಮ್ಮ ಮನೆ ಹಿತ್ತಲಿನದ್ದು ಮೈಸೂರು ಸುತ್ತಿ ನಮ್ಮೂರಿಗೆ ಬಂದ ಹಾಗೆ.

ಈಗ ತಪ್ಪಾದದ್ದು. ಅದು ಆ ಮಗ್ಗಿ ಹುಡುಗ. ನಲಿಕಲಿ ಕೋಣೆಗೆ ನಾಲ್ಕು, ಐದನೇ ಕ್ಲಾಸಿನವರನ್ನು ತಂದು ತುಂಬಿದ ಕ್ಷಣ ಅದು ನಲಿಕಲಿ ಅಲ್ಲ, ಬರೀ ಮಕ್ಕಳನ್ನು ಕಾಯುವುದು. ನಾಲ್ಕು, ಐದಕ್ಕೆ ಏಣಿ ಇಲ್ಲ, ಕಾರ್ಡು ಇಲ್ಲ. ಅವರಿಗೆ ಕ್ಲಾಸಿಗೊಂದು ಪಠ್ಯಪುಸ್ತಕ. ಆ ಪುಸ್ತಕ ಬರೆದವರು ಒಂದು ಕ್ಲಾಸಿಗೆ ಒಬ್ಬ ಟೀಚರ್ ಇರುತ್ತಾರೆ ಅಂತಲೇ ಬರೆದಿರುವುದು. ಮೇಷ್ಟ್ರು ನಾಲ್ಕಕ್ಕೆ ಭಿನ್ನರಾಶಿ ಹೇಳುವಾಗ ಐದರವರು ಕಾಪಿ ರೈಟಿಂಗ್, ಐದಕ್ಕೆ ಹೇಳುವಾಗ ನಾಲ್ಕರವರು ಕಾಪಿ ರೈಟಿಂಗ್. ನನ್ನನ್ನು ಕೇಳಿದರೆ ಎರಡು, ಮೂರನೇ ಕ್ಲಾಸಿಗೆ ಹೆದರಬೇಡಿ. ನಾಲ್ಕಕ್ಕೆ ಬಂದಾಗ ಹೆದರಿ.

ಒಂದು ಕೆಲಸ ಮಾಡಿ. ಮಿಸ್ಸಿಗೆ ಹೇಳಿ ಒಂದು ದಿನ ಪೂರ್ತಿ ಆ ಕೋಣೆಯಲ್ಲಿ ಕೂತು ನೋಡಿ. ಗೋಡೆ ಮೇಲೆ ಪ್ರಗತಿ ನೋಟ ಅಂತ ಒಂದು ಚಾರ್ಟ್ ಇರುತ್ತದೆ. ಅದರಲ್ಲಿ ಮಗಳು ಈ ತಿಂಗಳು ಎಷ್ಟು ಮೆಟ್ಟಿಲು ಹತ್ತಿದ್ದಾಳೆ ನೋಡಿ. ಚಾರ್ಟ್ ಧೂಳು ಹಿಡಿದು, ಗುರುತುಗಳೆಲ್ಲ ಹೋದ ವರ್ಷದ್ದೇ ಆಗಿದ್ದರೆ ಆಗ ಬೇರೆ ಮಾತು.

ಮುಳಬಾಗಿಲು ದೋಸೆ:

ಮೇಡಂ ಹೇಳಿದ್ದು ಪುಸ್ತಕದಲ್ಲಿ ಚೆನ್ನಾಗಿದೆ. ನಾನು ಖಡಕ್ಕಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮೂರಿನ ಶಾಲೆಯಲ್ಲೂ ಕಾರ್ಡು ಇವೆ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ, ಮಕ್ಕಳು ಹರಿದು ಹಾಕಿದರೆ ಯಾರು ಲೆಕ್ಕ ಕೊಡುವುದು ಅಂತ. ಚಪ್ಪರ ಅಂತ ತಲೆ ಮೇಲೆ ದಾರ ಕಟ್ಟಿದ್ದಾರೆ, ಅದರಲ್ಲಿ ನೇತಾಡುವ ಚಿತ್ರ ಬರೆದ ಮಕ್ಕಳು ಈಗ ಹೈಸ್ಕೂಲಿನಲ್ಲಿ ಇದ್ದಾರೆ.

58 ಮಕ್ಕಳು ಇದ್ದರೂ ಅಲ್ಲಿ ದಿನಾ ಒಬ್ಬ ಟೀಚರ್ ಕ್ಲಾಸಿನಲ್ಲಿ ಇರುತ್ತಾರೆ. ನಿಮ್ಮೂರಲ್ಲಿ 23 ಮಕ್ಕಳಿದ್ದರೂ ಇರುವ ಇಬ್ಬರಲ್ಲಿ ಒಬ್ಬರು ಯಾವಾಗಲೂ ಊರ ಮೇಲೆ. ಸಣ್ಣ ಕ್ಲಾಸು ಅನ್ನುವ ಹೆಸರು ತಗೊಂಡು ಏನು ಮಾಡುತ್ತೀರಿ? ಇನ್ನೊಂದು ಮಾತು. ಪಟ್ಟಣದ ಶಾಲೆಗೆ ಹೋದ ಮಗುವಿಗೆ ಅದೇ ವಯಸ್ಸಿನ ಜೊತೆಗಾರರು ಸಿಗುತ್ತಾರೆ. ನಿಮ್ಮ ಮಗಳ ಕ್ಲಾಸಿನಲ್ಲಿ ಎಷ್ಟು ಜನ? ನಾಲ್ಕಾ, ಐದಾ? ಕೊಕ್ಕೋ ಆಡೋಕೂ ಸಾಲಲ್ಲ.

ಶಿರಾ ಎಸ್‌ಡಿಎಂಸಿ:

ನಿಯಮ ಕೇಳಿದ್ದಿರಿ, ಯಾರೂ ಹೇಳಿಲ್ಲ. ನಾನು ತುಮಕೂರು ಜಿಲ್ಲೆಯ ಶಿರಾ ಕಡೆ, ಎರಡು ಅವಧಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ ಇದ್ದವನು. ಈ ಕಾನೂನನ್ನು ಓದಿ ಓದಿ ಕಣ್ಣು ನೋವು ಬಂದಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ ಕೊನೆಯ ಅನುಸೂಚಿಯಲ್ಲಿ ಲೆಕ್ಕ ಇದೆ. ಒಂದರಿಂದ ಐದನೇ ಕ್ಲಾಸಿಗೆ, ಶಾಲೆಯ ಒಟ್ಟು ಮಕ್ಕಳು 60ರವರೆಗೆ ಇದ್ದರೆ 2 ಟೀಚರು. 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. 150 ದಾಟಿದರೆ ಹೆಡ್ ಮೇಷ್ಟ್ರು ಬೇರೆ. 200 ದಾಟಿದರೆ ಹೆಡ್ ಮೇಷ್ಟ್ರನ್ನು ಬಿಟ್ಟು ಉಳಿದವರಲ್ಲಿ ಒಬ್ಬ ಟೀಚರಿಗೆ 40 ಮಕ್ಕಳು ಮೀರುವ ಹಾಗಿಲ್ಲ. ಆರರಿಂದ ಎಂಟಕ್ಕೆ ಕ್ಲಾಸಿಗೆ ಕನಿಷ್ಠ ಒಬ್ಬರು, 35 ಮಕ್ಕಳಿಗೆ ಒಬ್ಬರು.

ಈಗ ಸರಿಯಾಗಿ ನೋಡಿ. 60 ಮಕ್ಕಳಿಗೆ 2 ಟೀಚರು. ಆದರೆ ಕ್ಲಾಸು ಐದು! ಇಬ್ಬರು ಐದು ಕ್ಲಾಸು ಹೇಗೆ ಮಾಡುತ್ತಾರೆ? ಕೂಡಿಸಲೇಬೇಕು. ಅಂದರೆ ಸಣ್ಣ ಶಾಲೆಗಳಲ್ಲಿ ಮಿಶ್ರ ಕ್ಲಾಸು ಅನ್ನುವುದು ಯಾರದೋ ಸೋಮಾರಿತನ ಅಲ್ಲ, ಕಾನೂನಿನ ಲೆಕ್ಕದಲ್ಲೇ ಅದು ಸೇರಿಕೊಂಡಿದೆ.

ಆ ಕಡೆ 58ರದ್ದು. ಇದೇ ಅನುಸೂಚಿ ಖಾಸಗಿ ಶಾಲೆಗೂ ಅನ್ವಯ. ಆದರೆ ಲೆಕ್ಕ ಇರುವುದು ಇಡೀ ಶಾಲೆಗೆ, ಒಂದೊಂದು ಕೋಣೆಗೆ ಅಲ್ಲ. ಮೇಲಿನ ಕ್ಲಾಸುಗಳಲ್ಲಿ ತಲಾ 25 ಮಕ್ಕಳು, ಕೆಳಗಿನ ಒಂದು ಕ್ಲಾಸಿನಲ್ಲಿ 58 ಇದ್ದರೂ ಕೂಡಿಸಿ ಭಾಗಿಸಿದರೆ ಸರಿ ಬಂದುಬಿಡುತ್ತದೆ. ಸಿಬಿಎಸ್‌ಇ ಶಾಲೆಗಳಿಗೆ ಸೆಕ್ಷನ್‌ಗೆ 40 ಅಂತ ಅವರ ಮಂಡಳಿಯೇ ಮಿತಿ ಹಾಕಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಬ್ಬ ಟೀಚರಿಗೆ 30ಕ್ಕಿಂತ ಕಡಿಮೆ, ಹಿಂದುಳಿದ ಮಕ್ಕಳು ಜಾಸ್ತಿ ಇರುವ ಕಡೆ 25ಕ್ಕಿಂತ ಕಡಿಮೆ ಅಂತ ಇದೆ. ಆದರೆ ಅದು ನೀತಿ. ಕೋರ್ಟಿನಲ್ಲಿ ಹಿಡಿದು ಕೇಳಬಹುದಾದದ್ದು ಕಾಯ್ದೆ ಮಾತ್ರ.

ದೋಸೆ ಅವರು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಟೀಚರು ಊರ ಮೇಲೆ ಇರುತ್ತಾರೆ, ನಿಜ. ಆದರೆ ಯಾಕೆ ಅಂತಲೂ ನೋಡಿ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಟೀಚರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಕಳಿಸಬಾರದು. ಆದರೆ 2025ರ ದಸರಾದಲ್ಲಿ ಮನೆ ಮನೆ ಸಮೀಕ್ಷೆಗೆ ಹೋದವರು ಯಾರು? ಮೇಷ್ಟ್ರುಗಳೇ, ಅದಕ್ಕೇ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಇನ್ನು ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ. ನಮ್ಮೂರ ಹೆಡ್ ಮೇಷ್ಟ್ರು ಬೈಕಿನ ಹಿಂದೆ ಮೊಟ್ಟೆ ಟ್ರೇ ಕಟ್ಟಿಕೊಂಡು ಬರುವುದನ್ನು ನೋಡಿ ಅಂಗಡಿಯವನು, ಸಾರ್, ಪೌಲ್ಟ್ರಿ ಹಾಕಿದ್ದೀರಾ ಅಂತ ಕೇಳಿದ್ದ. 300 ಮಕ್ಕಳಿರುವ ಶಾಲೆಯಲ್ಲಿ ಈ ಕೆಲಸ ಎಂಟು ಹತ್ತು ಜನರಿಗೆ ಹಂಚಿ ಹೋಗುತ್ತದೆ. ಇಬ್ಬರೇ ಇರುವ ಕಡೆ ಒಬ್ಬರು ಎದ್ದು ಹೋದರೆ ಅರ್ಧ ಶಾಲೆ ಖಾಲಿ.

ಚಿಂತಾಮಣಿ ಕಡೆಯವಳು:

ಎಲ್ಲರಿಗೂ ಥ್ಯಾಂಕ್ಸ್. 14ಕ್ಕೆ 8 ಕೂಡಿಸಿ 112 ಓದಿ ನಗು ಬಂತು, ಆಮೇಲೆ ಎದ್ದು ಹೋಗಿ ಮಗಳ ಪುಸ್ತಕ ನೋಡಿದೆ. ಅವಳದು ಸರಿ ಇದೆ ಮಾರಾಯ್ರೇ.

ಶಿರಾದ ಅಣ್ಣನಿಗೆ ಒಂದು ಪ್ರಶ್ನೆ. ನಮ್ಮ ಮೇಷ್ಟ್ರಿಗೆ ಈ ವರ್ಷ ಡಿಸೆಂಬರ್‌ನಲ್ಲಿ ರಿಟೈರ್ಮೆಂಟ್ ಅಂತ ನಿನ್ನೆ ಗೊತ್ತಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ ಅಂದರೆ ಮಿಸ್ಸು ಒಬ್ಬರೇ. ಆಗ ಐದು ಕ್ಲಾಸೂ ಒಬ್ಬರೇನಾ? ಮಗಳ ಕ್ಲಾಸಿನಲ್ಲಿ ಎಷ್ಟು ಜನ ಅಂತ ದೋಸೆ ಅವರು ಕೇಳಿದ್ದರಲ್ಲ, ನಾಲ್ಕು. ಮೂರು ಹುಡುಗಿಯರು, ಒಬ್ಬ ಹುಡುಗ. ಕೊಕ್ಕೋಗೆ ಇಡೀ ಶಾಲೆನೇ ಸೇರುತ್ತದೆ, ಅದಕ್ಕೆ ತೊಂದರೆ ಇಲ್ಲ.

ಶಿರಾ ಎಸ್‌ಡಿಎಂಸಿ:

ಅದೇ ಮುಖ್ಯ ವಿಷಯ ತಂಗಿ, ಇದನ್ನು ಮೊದಲೇ ಹೇಳಬೇಕಿತ್ತು ನೀವು. 26ನೇ ಸೆಕ್ಷನ್ ನೋಡಿ. ಮಂಜೂರಾದ ಹುದ್ದೆಯಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಖಾಲಿ ಬಿಡಬಾರದು. ನಿಮ್ಮದು ಎರಡೇ ಹುದ್ದೆ, ಒಬ್ಬರು ಹೋದರೆ ನೂರಕ್ಕೆ 50 ಖಾಲಿ. ಅರ್ಜಿಯಲ್ಲಿ ಇದನ್ನೇ ಬರೆಯಿರಿ.

ಡಿಸೆಂಬರ್‌ವರೆಗೆ ಕಾಯಬೇಡಿ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಈಗಲೇ ಸಭೆ ಕರೆಸಿ, ನಿರ್ಣಯ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಅದರ ಕಾಪಿ ಇಟ್ಟು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅರ್ಜಿ ಕೊಡಿ. ಖಾಯಂ ಟೀಚರ್ ಬರುವವರೆಗೆ ಅತಿಥಿ ಶಿಕ್ಷಕರು ಬೇಕು ಅಂತ ಕೇಳಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ನಾವು ಮೊದಲ ಸಲ ಬಾಯಲ್ಲಿ ಹೇಳಿ ಬಂದಿದ್ದೆವು. ಮೂರು ತಿಂಗಳು ಬಿಟ್ಟು ಹೋದರೆ, ನೀವು ಯಾವಾಗ ಬಂದಿದ್ದಿರಿ ಅಂದರು.

ಬಾಗೇಪಲ್ಲಿ ಹುಡುಗ:

ನಾನು ಅಂಥಾ ಶಾಲೆಯಲ್ಲೇ ಓದಿದ್ದು, ಒಬ್ಬರೇ ಮೇಷ್ಟ್ರು, ಐದು ಕ್ಲಾಸು. ಎರಡೂ ಕಡೆಯದ್ದು ಹೇಳುತ್ತೇನೆ.

ನಮ್ಮ ಮನೆಯಲ್ಲಿ ತೆಲುಗು. ಶಾಲೆಗೆ ಹೋಗುವವರೆಗೆ ನನಗೆ ಕನ್ನಡದ ನಾಲ್ಕು ಮಾತು ಬರುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಮೇಷ್ಟ್ರು ಬೆಕ್ಕಿನ ಚಿತ್ರ ತೋರಿಸಿ ಇದೇನು ಅಂದರೆ ನಾನು ಪಿಲ್ಲಿ ಅಂದೆ. ಪಕ್ಕದಲ್ಲಿ ಮೂರನೇ ಕ್ಲಾಸಿನ ಒಬ್ಬಳು ಅಕ್ಕ ಇದ್ದಳು. ನನ್ನ ಕಿವಿಯಲ್ಲಿ ಮೆತ್ತಗೆ, ಮನೆಯಲ್ಲಿ ಪಿಲ್ಲಿ, ಇಲ್ಲಿ ಬೆಕ್ಕು ಕಣೋ ಅಂದಳು. ನನ್ನ ಕನ್ನಡ ಅಲ್ಲಿಂದ ಶುರು. ಮೇಷ್ಟ್ರು ಚಿತ್ರದುರ್ಗದ ಕಡೆಯವರು, ಅವರಿಗೆ ತೆಲುಗು ಅಷ್ಟಕ್ಕಷ್ಟೇ. ದೊಡ್ಡ ಮಕ್ಕಳು ಜೊತೆಗೆ ಇಲ್ಲದಿದ್ದರೆ ನಾವು ಒಂದನೇ ಕ್ಲಾಸಿನವರು ವರ್ಷಪೂರ್ತಿ ಬಾಯಿ ಬಿಡುತ್ತಿರಲಿಲ್ಲ. ಅದೇ ವಯಸ್ಸಿನ 58 ಮಕ್ಕಳು, ಯಾರಿಗೂ ಕನ್ನಡವೂ ಬರಲ್ಲ ಇಂಗ್ಲಿಷೂ ಬರಲ್ಲ ಅಂದರೆ ಯಾರು ಯಾರಿಗೆ ಹೇಳಿಕೊಡುತ್ತಾರೆ?

ಆದರೆ ಐದು ಮುಗಿಸಿ ಪಕ್ಕದ ಊರಿಗೆ ಆರನೇ ಕ್ಲಾಸಿಗೆ ಹೋದಾಗ ಗೊತ್ತಾಯಿತು ನನ್ನ ಗತಿ. ಓದೋಕೆ ಚೆನ್ನಾಗಿ ಬರುತ್ತಿತ್ತು. ಭಾಗಾಕಾರ ಬರುತ್ತಿರಲಿಲ್ಲ. ಇಂಗ್ಲಿಷ್ ಅಂದರೆ ನನ್ನ ಹೆಸರು ಬರೆಯುವುದು ಅಷ್ಟೇ. ನಲಿಕಲಿ ಮಿಸ್ ಹೇಳಿದ್ದು ನೂರಕ್ಕೆ ನೂರು, ನಾಲ್ಕು ಐದರಲ್ಲೇ ನಾನು ಹಾಳಾದದ್ದು. ಎಂಟನೇ ಕ್ಲಾಸಿಗೆ ಬರುವವರೆಗೆ ಅದನ್ನು ತುಂಬಿಸೋಕೆ ಆಗಲಿಲ್ಲ. ಅಂದಹಾಗೆ ನಮ್ಮಲ್ಲೂ ಕೋಲು ಹಿಡಿದು ಮಗ್ಗಿ ಹೇಳಿಸುವ ಹುಡುಗ ಇದ್ದ. ನಾನೇ ಅದು. ಏಳರ ಮಗ್ಗಿಯಲ್ಲಿ ಏಳೆಂಟ್ಲಿ ಐವತ್ನಾಲ್ಕು ಅಂತ ಒಂದು ವರ್ಷ ಇಡೀ ಶಾಲೆಗೆ ತಪ್ಪು ಹೇಳಿಸಿದ್ದೇನೆ.

ತುಮಕೂರು ಡಿಎಲ್‌ಎಡ್:

ಈ ಬಗ್ಗೆ ನಮ್ಮ ಶಿಕ್ಷಕರ ತರಬೇತಿ ಕ್ಲಾಸಿನಲ್ಲಿ ಮೊನ್ನೆಯಷ್ಟೇ ಚರ್ಚೆ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ. ಕ್ಲಾಸು ಸಣ್ಣದಾದರೆ ನಿಜವಾಗಲೂ ಲಾಭ ಇದೆಯಾ ಅಂತ ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ದೊಡ್ಡ ಪ್ರಯೋಗ ಮಾಡಿದ್ದರು. ಅದರ ಹೆಸರು ಸ್ಟಾರ್. ಶಿಶುವಿಹಾರದಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಮೂರು ಥರದ ಕ್ಲಾಸಿಗೆ ಹಾಕಿದರು. ಒಂದರಲ್ಲಿ 13ರಿಂದ 17 ಮಕ್ಕಳು. ಇನ್ನೊಂದರಲ್ಲಿ 22ರಿಂದ 25. ಮೂರನೆಯದರಲ್ಲೂ 22ರಿಂದ 25, ಆದರೆ ಟೀಚರಿಗೆ ಒಬ್ಬ ಸಹಾಯಕಿ. ಸಣ್ಣ ಕ್ಲಾಸಿನ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ಸಹಾಯಕಿ ಇದ್ದ ಕ್ಲಾಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅವರು ದೊಡ್ಡ ಕ್ಲಾಸು ಅಂತ ಕರೆದದ್ದು 25 ಮಕ್ಕಳಿಗೆ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ಆದರೆ ಅವರ 15 ಮಕ್ಕಳ ಕ್ಲಾಸು ಒಂದೇ ತರಗತಿಯದ್ದು, ಟೀಚರು ದಿನಾ ಅಲ್ಲೇ ಇದ್ದರು. ಆದ್ದರಿಂದ 23 ಅಂತ ಸಂಖ್ಯೆ ನೋಡಿ ಖುಷಿ ಪಡಬೇಡಿ, ದೋಸೆ ಅವರ ಮಾತಿನಲ್ಲಿ ಹುರುಳಿದೆ.

ನಲಿಕಲಿ ಮಿಸ್:

ಬೀರುವಿನಲ್ಲಿ ಬೀಗ ಹಾಕಿದ ಕಾರ್ಡು ನಾನೂ ನೋಡಿದ್ದೇನೆ ದೋಸೆ ಅವರೇ, ಸುಳ್ಳು ಅನ್ನಲ್ಲ. ನನ್ನ ಮೊದಲ ಶಾಲೆಯಲ್ಲೇ ಹಾಗಿತ್ತು. ಹೊಸ ಸೆಟ್ ಬರುವುದು ತಡ ಆಗುತ್ತದೆ, ಹರಿದರೆ ಏಣಿಯ ಮಧ್ಯೆ ಒಂದು ಮೆಟ್ಟಿಲೇ ಮಾಯ. ನಾನು ಹರಿದದ್ದನ್ನು ಮದುವೆ ಲಗ್ನಪತ್ರಿಕೆಗಳ ಹಿಂದೆ ಮತ್ತೆ ಬರೆದುಕೊಂಡಿದ್ದೇನೆ. ಗಟ್ಟಿ ಕಾಗದ, ಚೆನ್ನಾಗಿ ಬಾಳಿಕೆ ಬರುತ್ತದೆ. ಈಗ ನನ್ನ ಕ್ಲಾಸಿನ ಮಕ್ಕಳಿಗೆ ಸುತ್ತಲಿನ ಹತ್ತು ಊರಿನ ಮದುಮಕ್ಕಳ ಹೆಸರು ಗೊತ್ತು.

ಆದರೆ ಒಂದು ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ. ಟೀಚರ್ ಕ್ಲಾಸಿನಲ್ಲಿ ಇದ್ದರೆ ಸಾಕು ಅನ್ನುತ್ತೀರಿ. 58 ಮಕ್ಕಳ ಕ್ಲಾಸು 40 ನಿಮಿಷ. ಒಂದೊಂದು ಮಗುವಿಗೆ ಒಂದೊಂದು ನಿಮಿಷ ಕೊಟ್ಟರೂ 18 ಮಕ್ಕಳು ಉಳಿದರು. ಆ 18 ದಿನಾ ಅವರೇ ಆಗಿರುತ್ತಾರೆ, ಹಿಂದಿನ ಬೆಂಚಿನವರು.

ಮೇಷ್ಟ್ರು ಇಲ್ಲದ ದಿನ ನಾನು ಏನು ಮಾಡುತ್ತೇನೆ ಅಂತಲೂ ಹೇಳುತ್ತೇನೆ, ಚಿಂತಾಮಣಿ ತಾಯಿ ಅವರ ಮಿಸ್ಸಿಗೆ ಉಪಯೋಗ ಆಗಬಹುದು. ದೊಡ್ಡವರನ್ನು ನಲಿಕಲಿ ಕೋಣೆಗೆ ತರಲ್ಲ. ಮಧ್ಯದ ಬಾಗಿಲು ತೆಗೆದಿಟ್ಟು ಅವರ ಕೋಣೆಯಲ್ಲೇ ಕೂರಿಸುತ್ತೇನೆ, ಇಬ್ಬಿಬ್ಬರ ಜೋಡಿ ಮಾಡಿ ಒಂದು ಪಾಠ ಗಟ್ಟಿಯಾಗಿ ಓದಿ ಐದು ಪ್ರಶ್ನೆ ಅವರೇ ಮಾಡಬೇಕು ಅನ್ನುತ್ತೇನೆ. ಮಗ್ಗಿ ಮಾತ್ರ ಹೇಳಿಸಲ್ಲ. ಒಬ್ಬ ಮಗ್ಗಿ ಶುರು ಮಾಡಿದರೆ ಮುಗಿಯಿತು, ನನ್ನ ಪುಟಾಣಿಗಳಿಗೆ ಬೇರೇನೂ ಕೇಳಿಸಲ್ಲ.

ಚಿಂತಾಮಣಿ ಕಡೆಯವಳು:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಮಿಸ್ಸಿಗೆ ಹೇಳಿ ಸೋಮವಾರ ಪೂರ್ತಿ ಕ್ಲಾಸಿನಲ್ಲಿ ಕೂತೆ. ಇವರನ್ನೂ ಎಳೆದುಕೊಂಡು ಹೋಗಿದ್ದೆ, ಟೊಮೆಟೊ ಕೊಯ್ಲು ಇದೆ ಅಂತ ಹನ್ನೊಂದಕ್ಕೆ ಎದ್ದು ಹೋದರು. ಆದರೂ ಅಷ್ಟು ಹೊತ್ತು ಕೂತರಲ್ಲ, ಸಾಕು. ಮೇಷ್ಟ್ರು ಅವತ್ತು ಇದ್ದರು. ಕೋಣೆ ಬೇರೆಯೇ ಥರ ಇತ್ತು. ಗಲಾಟೆ ಇತ್ತು, ಆದರೆ ಅದು ಕೆಲಸದ ಗಲಾಟೆ. ಪ್ರಗತಿ ನೋಟ ನೋಡಿದೆ. ಮಗಳು ಕನ್ನಡದಲ್ಲಿ ಮೂರನೇ ಕ್ಲಾಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದಾಳೆ, ಲೆಕ್ಕದಲ್ಲಿ ಎರಡು ವಾರದಿಂದ ಒಂದೇ ಕಡೆ ನಿಂತಿದ್ದಾಳೆ. ಯಾಕೆ ಅಂತ ಮಿಸ್ಸನ್ನು ಕೇಳಿದೆ. ಪುಸ್ತಕ ತೆಗೆಯದೆಯೇ, ಸಾಲ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಮಧ್ಯದಲ್ಲಿ ಸೊನ್ನೆ ಬಂದರೆ ಹೆದರುತ್ತಾಳೆ ಅಂದರು. ಇವರು ನನ್ನ ಮುಖ ನೋಡಿದರು.

ಸದ್ಯಕ್ಕೆ ಟಿಸಿ ತೆಗೆಯಲ್ಲ. ಮೂರನೇ ಕ್ಲಾಸು ಮುಗಿಯುವವರೆಗೆ ಇಲ್ಲೇ. ನಾಲ್ಕಕ್ಕೆ ಮತ್ತೆ ಜಗಳ ಆಡೋಣ ಅಂತ ಇವರು ಒಪ್ಪಿದ್ದಾರೆ. ಎಸ್‌ಡಿಎಂಸಿ ಸಭೆ ಶನಿವಾರ ಆಯಿತು. ಒಂಬತ್ತು ಜನ ಬಂದಿದ್ದರು, ಆರು ಜನ ಹೆಂಗಸರೇ. ಮೇಷ್ಟ್ರೇ ಕೂತು, ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕೊಡಿ ಅಂತ ನಿರ್ಣಯ ಬರೆದುಕೊಟ್ಟರು, 26ನೇ ಸೆಕ್ಷನ್ ಹಾಕಿ. ಬುಧವಾರ ಬಿಇಒ ಆಫೀಸಿಗೆ ಹೋಗುತ್ತಿದ್ದೇವೆ, ಟೊಮೆಟೊ ಲೋಡಿನ ಗಾಡಿಯಲ್ಲೇ. ಸೀಲು ಹಾಕಿಸಿಕೊಂಡೇ ಬರುತ್ತೇನೆ ಅಣ್ಣ.

ಮನೆಯಲ್ಲಿ ಲಗ್ನಪತ್ರಿಕೆ ಒಂದು ಚೀಲ ಇತ್ತು, ಮಿಸ್ಸಿಗೆ ಕೊಟ್ಟು ಬಂದಿದ್ದೇನೆ.